ಮಷಿನ್ನಿನಲ್ಲಿ ಇಲ್ಲದ ಸ್ಟಾಪುಗಳು: ವಾನಳ್ಳಿ ಬಸ್ಸಿನಿಂದ ದಾಂಡೇಲಿ ಹಳಿಯವರೆಗೆ

ನವೆಂಬರ್, ಮೂರನೇ ಶುಕ್ರವಾರ. ಶಿರಸಿ, ಹುಲೇಕಲ್, ವಾನಳ್ಳಿ ಕಡೆ

ಸಂಜೆಯ ವಸ್ತಿ ಬಸ್ಸಿಗೆ ಮೂವರೂ ಹತ್ತಿದೆವು. ನಾನು ಬಾಗಿಲ ಪಕ್ಕದ ಸೀಟು, ಭಾವ ಡ್ರೈವರ್ ಹಿಂದಿನ ಸೀಟು, ಅಂಕೋಲೆಯಿಂದ ಬಂದ ಮೇಷ್ಟ್ರು ಮಧ್ಯದಲ್ಲಿ ಕಿಟಕಿ ಬದಿ. ಮಳೆಗಾಲಕ್ಕೆ ಮುಂಚೆ ಶುರು ಮಾಡಿದ ಕೆಲಸದಲ್ಲಿ ಇದು ಆರನೇ ಮಾರ್ಗ. ಒಳಮಾರ್ಗದ ಬಸ್ಸುಗಳಲ್ಲಿ ತುದಿಯವರೆಗೆ ಹೋಗುವುದು, ಬಸ್ಸು ನಿಂತ ಪ್ರತಿ ಜಾಗದ ಹೆಸರನ್ನು ಜನ ಕರೆಯುವ ಹಾಗೇ ಬರೆದುಕೊಳ್ಳುವುದು, ಮನೆಗೆ ಬಂದು ಯಾರು ಬೇಕಾದರೂ ತುಂಬಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಕನ್ನಡದಲ್ಲೇ ಏರಿಸುವುದು. ಇಷ್ಟೇ ಕೆಲಸ.

ಮೊದಮೊದಲು ನಾವೂ ಎಲ್ಲ ಬಸ್ ಪ್ರಿಯರ ಹಾಗೆ ಗಾಡಿಯನ್ನೇ ನೋಡುತ್ತಿದ್ದೆವು. ಲೇಲ್ಯಾಂಡೋ ಟಾಟಾವೋ, ಬಾಡಿ ಕಟ್ಟಿದ್ದು ಎಲ್ಲಿ, ಯಾವ ಡಿಪೋದ್ದು. ಈಗಲೂ ನೋಡುತ್ತೇವೆ. ಆದರೆ ಒಂದು ದಿನ ಮೇಷ್ಟ್ರು ಟಿಕೆಟನ್ನು ಬೆಳಕಿಗೆ ಹಿಡಿದು, 'ನಾವು ಇಳಿದ ಊರು ಇದರಲ್ಲಿ ಇಲ್ಲವಲ್ಲ' ಅಂದರು. ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು.

ಟಿಕೆಟ್ ಮಷಿನ್ನಿನಲ್ಲಿ ಇರುವುದು ಸ್ಟೇಜುಗಳು. ದರದ ಲೆಕ್ಕ ಸ್ಟೇಜಿನ ಮೇಲೆ. ಎರಡು ಸ್ಟೇಜಿನ ನಡುವೆ ಬಸ್ಸು ಆರು ಕಡೆ ನಿಂತರೂ ಟಿಕೆಟಿನಲ್ಲಿ ಬರುವುದು ಒಂದೇ ಹೆಸರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಟಿಕೆಟಿನಲ್ಲಿ ದುಡ್ಡಿನ ಜಾಗಕ್ಕೆ ಸೊನ್ನೆ ಬರುತ್ತದೆ. ಅದರಲ್ಲೂ ಸ್ಟೇಜಿನ ಹೆಸರು ಇರುತ್ತದೆ, ಸ್ಟಾಪಿನದು ಇರುವುದಿಲ್ಲ. ನಡುವಿನ ಆರು ಹೆಸರು ಕಂಡಕ್ಟರ್ ಬಾಯಲ್ಲಿ, ಇಳಿಯುವವರ ಬಾಯಲ್ಲಿ ಮಾತ್ರ. ಬಸ್ಸಿನ ಓಡಾಟವೇ ನಿಂತುಹೋದರೆ ಮೊದಲು ಅಳಿಸಿಹೋಗುವುದು ಆ ಹೆಸರುಗಳೇ.

ಹುಲೇಕಲ್‌ವರೆಗೆ ಬರೆಯಲು ತೊಂದರೆಯಿಲ್ಲ. ಅಲ್ಲಿಂದ ಮುಂದೆ ರಸ್ತೆ ಕಿರಿದಾಗುತ್ತದೆ, ಎರಡೂ ಕಡೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ. ಹೆಸರುಗಳು ಒಂದರ ಬೆನ್ನಿಗೊಂದು ಬರತೊಡಗಿದವು: ಸೊಸೈಟಿ, ಡೇರಿ, ಹಳೇ ಶಾಲೆ, ಸಂಕದ ಮೂಲೆ, ಕೆಳಗಿನ ದಣಪೆ, ಮೇಲಿನ ದಣಪೆ. ದಣಪೆ ಅಂದರೆ ಮನೆ, ತೋಟದ ಬೇಲಿಯಲ್ಲಿ ದಾಟಲು ಇರುವ ಬಾಗಿಲು. ಈ ಎರಡು ದಣಪೆಗೆ ನೂರು ಮಾರು ಅಂತರವೂ ಇಲ್ಲ. ಎರಡು ಕಡೆ ಯಾಕೆ ನಿಲ್ಲಿಸುತ್ತಾರೆ ಅಂತ ಪಕ್ಕದಲ್ಲಿದ್ದ ಅಜ್ಜನನ್ನು ಕೇಳಿದೆ.

'ಯಾವೂರಾತು ತಮಾ?' ಅಂತ ನನ್ನನ್ನೇ ಮೊದಲು ವಿಚಾರಿಸಿಕೊಂಡರು. ಹೇಳಿದೆ. ಆಮೇಲೆ, 'ಅಣ್ಣತಮ್ಮಂದಿರು ಹಿಸೆ ಆದಾಗ ದಣಪೆನೂ ಎರಡಾತು. ಬಸ್ಸಿನವ್ವು ಎರಡು ಕಡೆಗೂ ನಿಲ್ಲಿಸ್ತ' ಅಂದರು.

ಒಂದು ಮನೆಯ ಪಾಲುಪಟ್ಟಿ ಬಸ್ ಸ್ಟಾಪಿನ ಹೆಸರಲ್ಲಿ ಕೂತಿದೆ. ಇಂಥದ್ದನ್ನು ಯಾವ ಕಡತದಿಂದಲೂ ತೆಗೆಯಲಾಗದು. ಪುಸ್ತಕದಲ್ಲಿ ಎರಡೂ ದಣಪೆಯ ಕೆಳಗೆ ಗೆರೆ ಎಳೆದೆ.

ತುದಿ ಮುಟ್ಟುವಾಗ ಪೂರ್ತಿ ಕತ್ತಲು. ಬಸ್ಸು ತಿರುಗಿಸಲು ಇರುವುದು ಅಂಗಡಿಯ ಎದುರಿನ ಒಂದಿಷ್ಟು ಜಾಗ, ಆಚೆಗೆ ಕಡಿದಾದ ಧರೆ. ಕಂಡಕ್ಟರ್ ಇಳಿದು ಬ್ಯಾಟರಿ ಬೆಳಕು ಹಿಂದಿನ ಚಕ್ರಕ್ಕೆ ಬಿಟ್ಟು, 'ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!' ಅಂದರು. ಮಣ್ಣಲ್ಲಿ ಹಿಂದಿನ ದಿನಗಳ ಟೈರಿನ ಅಚ್ಚು ಹಾಗೇ ಇತ್ತು. ಬಸ್ಸು ಅದೇ ಅಚ್ಚಿನ ಮೇಲೆ ಬಂದು ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟರು. ಆ ಕಲ್ಲು ಕೂಡ ಅಲ್ಲೇ ಅದಕ್ಕಾಗಿಯೇ ಇಟ್ಟದ್ದು, ಒಂದು ಮೈ ರಬ್ಬರು ತಾಗಿ ಕಪ್ಪಾಗಿದೆ. ಊಟ ಊರವರ ಮನೆಯಲ್ಲಿ. ಮಲಗುವುದು ಬಸ್ಸಿನಲ್ಲೇ, ಹಿಂದಿನ ಉದ್ದ ಸೀಟಿನ ಮೇಲೆ. ಸೊಳ್ಳೆಪರದೆಯ ನಾಲ್ಕು ಮೂಲೆಯನ್ನು ಸೀಟಿನ ಮೇಲಿನ ಕಂಬಿಗೆ ಕಟ್ಟುವ ದಾರ ಕಂಬಿಯಲ್ಲೇ ಬಿಗಿದುಕೊಂಡಿತ್ತು.

ಮರುದಿನ ಬೆಳಿಗ್ಗೆ

ಒಂದು ತಪ್ಪಾಗಿದೆ. ಭಾವ ರೆಕಾರ್ಡಿಂಗಿಗೆ ಫೋನನ್ನು ಎಂಜಿನ್ ಮುಚ್ಚಳದ ಮೇಲೆ ಇಟ್ಟಿದ್ದ. ಇಡೀ ದಾರಿ ಗೇರಿನ ಸದ್ದು ಬಿಟ್ಟು ಏನೂ ಕೇಳುವುದಿಲ್ಲ. ಹೀಗಾಗಿ ವಾಪಸು ಬರುವಾಗ ಎಲ್ಲವನ್ನೂ ಮತ್ತೆ ಬರೆದೆವು. ಅದೇ ಒಳ್ಳೆಯದಾಯಿತು. ಸಂಜೆ ಬಸ್ಸಿನ ಸ್ಟಾಪುಗಳೂ ಬೆಳಗಿನ ಬಸ್ಸಿನ ಸ್ಟಾಪುಗಳೂ ಒಂದೇ ಅಲ್ಲ ಅಂತ ಆಗ ಗೊತ್ತಾಯಿತು. ಬೆಳಿಗ್ಗೆ ಡಬ್ಬಿ ಹಿಡಿದ ಕಾಲೇಜು ಮಕ್ಕಳು, ಹಾಲಿನ ಕ್ಯಾನು, ಎರಡು ಬಾಳೆಗೊನೆ. ಒಬ್ಬ ಅಮ್ಮ ಹತ್ತಲೇ ಇಲ್ಲ. ಬಸ್ಸು ನಿಲ್ಲಿಸಿ ಔಷಧಿ ಚೀಟಿ ಮತ್ತು ದುಡ್ಡನ್ನು ಕಂಡಕ್ಟರ್ ಕೈಗೆ ಕೊಟ್ಟು, 'ಸಂಜೆಗೆ ತಂದ್ರೆ ಸಾಕು' ಅಂದರು. ಹತ್ತುವವರೂ ಇಳಿಯುವವರೂ ಇಲ್ಲದೆ ನಿಂತ ಆ ಜಾಗವನ್ನು ಸ್ಟಾಪು ಅನ್ನಬೇಕೇ ಅಂತ ನಮ್ಮಲ್ಲೇ ಚರ್ಚೆಯಾಯಿತು. ಅನ್ನಬೇಕು ಅಂತಲೇ ತೀರ್ಮಾನ.

ನಮ್ಮ ಪುಸ್ತಕದಲ್ಲಿ 37 ಹೆಸರು. ಟಿಕೆಟುಗಳಿಂದ ಸಿಕ್ಕ ಸ್ಟೇಜು 11.

ಡಿಸೆಂಬರ್. ಅಂಕೋಲಾದಿಂದ ಯಲ್ಲಾಪುರ, ಕಲಘಟಗಿ

ಇದು ಹೆದ್ದಾರಿ, ಸ್ಟಾಪುಗಳು ಎಲ್ಲರಿಗೂ ಗೊತ್ತಿರುವವು. ಸುಂಕಸಾಳ, ಗುಳ್ಳಾಪುರ, ಅರಬೈಲ್ ಘಟ್ಟ, ಇಡಗುಂದಿ. ಹೋದ ಕಾರಣ ಬೇರೆ. ಹುಬ್ಬಳ್ಳಿ–ಅಂಕೋಲಾ ರೈಲಿಗೆ 1999ರಲ್ಲಿ ಪ್ರಧಾನಿ ವಾಜಪೇಯಿ ಅಡಿಗಲ್ಲು ಹಾಕಿದ್ದರು. ಹುಬ್ಬಳ್ಳಿ ಕಡೆಯಿಂದ ಕಿರವತ್ತಿಯ ದಿಕ್ಕಿಗೆ ಶುರುವಾದ ಮಣ್ಣಿನ ಕೆಲಸ ಕಾಡಿನ ತಕರಾರಿನಲ್ಲಿ ನಿಂತಿತು. ಕಲಘಟಗಿ ಕಡೆ ಬಸ್ಸಿನ ಕಿಟಕಿಯಿಂದಲೇ ನೋಡಿದೆವು: ಹೊಲದ ನಡುವೆ ಎತ್ತರದ ಒಡ್ಡು, ಅದರ ಮೇಲೆ ಹಳಿಯ ಬದಲು ಜಾಲಿ. ಪಶ್ಚಿಮಘಟ್ಟದ ಕಾಡು ಕಡಿಯುವ ವಿಷಯದಲ್ಲಿ ನಮ್ಮ ಮೂವರದ್ದು ಮೂರು ಅಭಿಪ್ರಾಯ, ಘಟ್ಟ ಹತ್ತುವಷ್ಟು ಹೊತ್ತೂ ಅದೇ ಮಾತು ನಡೆಯಿತು. ಹೆಸರುಗಳ ಪಟ್ಟಿಗೆ ಇಲ್ಲಿಂದ ಸೇರಿದ್ದು ಏನೂ ಇಲ್ಲ. ಗಾಡಿಯೇ ಓಡದ ದಾರಿಯಲ್ಲಿ ಸ್ಟೇಷನ್ನಿನ ಹೆಸರು ಹುಟ್ಟುವುದಾದರೂ ಹೇಗೆ?

ಜನವರಿ, ಎರಡನೇ ಶನಿವಾರ. ದಾಂಡೇಲಿ, ಅಂಬೇವಾಡಿ, ಅಳ್ನಾವರ

ಬಹಳ ದಿನದಿಂದ ಕಾದ ತಿರುಗಾಟ. ನಾವು ಶಿರಸಿಯಿಂದ ಯಲ್ಲಾಪುರದ ಮೇಲೆ ಹೋದೆವು. ಕಾರವಾರದ ಗೆಳೆಯ ಕದ್ರಾ, ಅಣಶಿ, ಕುಂಬಾರವಾಡ, ಜೋಯಿಡಾ ದಾರಿಯಲ್ಲಿ ಬಂದ. ಬಸ್ಸಿನಲ್ಲಿ ಮುದುಕರೊಬ್ಬರು 'ಸೂಪಾಕ್ಕೆ ಒಂದು' ಅಂದರಂತೆ, ಕಂಡಕ್ಟರ್ ಮರುಮಾತಿಲ್ಲದೆ ಜೋಯಿಡಾ ಟಿಕೆಟ್ ಹರಿದು ಕೊಟ್ಟರಂತೆ. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಲ್ಲಿ ಮುಳುಗಿದೆ. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂದು ಎಷ್ಟೋ ಕಾಲವಾಗಿದೆ. ಆ ಟಿಕೆಟಿನ ಕಥೆಯನ್ನು ಗೆಳೆಯ ಬಸ್ಸಿಳಿದ ಕೂಡಲೇ, ಚಹಾಕ್ಕೂ ಕಾಯದೆ ಹೇಳಿದ.

ದಾಂಡೇಲಿ ನಿಲ್ದಾಣದಲ್ಲಿ ಬಸ್ಸುಗಳ ಹಣೆಯಲ್ಲಿ ಶಿರಸಿ ನೋಂದಣಿಯ ಕೆಎ 31 ಎಫ್ ಕಡಿಮೆ, ಧಾರವಾಡದ ಕೆಎ 25 ಎಫ್ ಹೆಚ್ಚು. ಜಿಲ್ಲೆ ಒಂದೇ ಆದರೂ ಹಳಿಯಾಳ, ದಾಂಡೇಲಿ ಡಿಪೋಗಳು ಸಾರಿಗೆ ಸಂಸ್ಥೆಯ ಧಾರವಾಡ ವಿಭಾಗಕ್ಕೆ ಸೇರಿದವು. ಶಿರಸಿ ವಿಭಾಗದ ಗೆರೆ ಯಲ್ಲಾಪುರಕ್ಕೇ ಮುಗಿಯುತ್ತದೆ. ಕಂಡಕ್ಟರ್ ಮಾತೂ ಅಲ್ಲಿಂದ ಧಾರವಾಡ ಕಡೆಗೆ ವಾಲುತ್ತದೆ.

ಅಳ್ನಾವರದಿಂದ ದಾಂಡೇಲಿಗೆ ಹಳಿ ಹಾಕಿದ್ದು ಬ್ರಿಟಿಷರು, ಕಾಡಿನ ಮರ ಹೊರಲಿಕ್ಕೆ. ಆಗ ಅದು ಮೀಟರ್ ಗೇಜು, ಈಗಿನ ಬ್ರಾಡ್ ಗೇಜಿಗಿಂತ ಕಿರಿದಾದ ಹಳಿ. ತೊಂಬತ್ತರ ದಶಕದಲ್ಲಿ ಪ್ಯಾಸೆಂಜರ್ ಗಾಡಿ ನಿಂತಿತು. ಹಳಿ ಬ್ರಾಡ್ ಗೇಜಾದ ಮೇಲೂ ಅದರ ಮೇಲೆ ಬಂದುಹೋದದ್ದು ಕಾಗದದ ಕಾರ್ಖಾನೆಯ ಸರಕು. ಸುಮಾರು 25 ವರ್ಷದ ಮೇಲೆ, 2019ರ ನವೆಂಬರಿನಲ್ಲಿ, ಧಾರವಾಡದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ ಪ್ಯಾಸೆಂಜರ್ ಮತ್ತೆ ಬಂತು. ನಾಲ್ಕು ತಿಂಗಳು ಓಡಿ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ದೇಶದ ಎಲ್ಲ ಪ್ಯಾಸೆಂಜರುಗಳ ಜೊತೆ ಇದೂ ನಿಂತಿತು. ನಾವು ಹೋದ ಹೊತ್ತಿನಲ್ಲಿ ಅಂಬೇವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನಾವು ನಾಲ್ವರೇ.

ಹಳಿಯ ಮೇಲೆ ನಡೆಯಲಿಲ್ಲ. ಅದು ರೈಲ್ವೆಯ ಜಾಗ, ಪ್ಯಾಸೆಂಜರ್ ಕಾಣದಿದ್ದರೂ ಹಳಿ ಹಳಿಯೇ. ಬಸ್ಸು ಬದಲಿಸುತ್ತ, ರಸ್ತೆ ಹಳಿಯ ಹತ್ತಿರ ಬಂದಲ್ಲೆಲ್ಲ ಇಳಿಯುತ್ತ ಅಳ್ನಾವರದ ಕಡೆಗೆ ಹೋದೆವು.

ಒಂದು ಹಳ್ಳಿಯ ಶಾಲೆಯ ಜಗಲಿಯಲ್ಲಿ ಗಂಟೆಗೆ ಹಳಿಯ ತುಂಡು ತೂಗುಹಾಕಿದ್ದರು. ಮೊಳದುದ್ದದ್ದು. ನಮ್ಮ ಕಡೆಯ ಎಷ್ಟೋ ಶಾಲೆಯಲ್ಲಿ ಇದೇ ಗಂಟೆ, ಆದರೆ ಇದರ ಪಕ್ಕಕ್ಕೆ ಮೇಷ್ಟ್ರು ಸ್ಕೇಲು ಹಿಡಿದಾಗ ಎಲ್ಲರೂ ಬಗ್ಗಿ ನೋಡಿದೆವು. ಈಗಿನ ಮುಖ್ಯ ಮಾರ್ಗದ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ. ಇದರ ತಲೆ ಸಣ್ಣದು, ನಡು ತೆಳ್ಳಗೆ, ಹಳೇ ಮೀಟರ್ ಗೇಜಿನದೇ ಅಂತ ನನ್ನ ನಂಬಿಕೆ. ಚಕ್ರ ಉರುಳಿದ ಮೈ ಒಂದು ಬದಿಗೆ ಸವೆದಿದೆ. ಸುತ್ತಿಗೆಯ ಏಟು ಬೀಳುವುದು ಇನ್ನೊಂದು ಬದಿಗೆ, ಅಲ್ಲಿ ಬೆಳ್ಳಗೆ ಬಟ್ಟಲಿನ ಹಾಗೆ ತಗ್ಗಾಗಿದೆ. ಹೆಡ್‌ಮೇಷ್ಟ್ರು ನಮಗಾಗಿ ಒಂದೇ ಒಂದು ಸಲ ಬಾರಿಸಿದರು. ಸದ್ದು ಬಹಳ ಹೊತ್ತು ನಿಂತಿತ್ತು.

ಅಲ್ಲಿಂದ ಹತ್ತಿದ ಬಸ್ಸಿನಲ್ಲಿ ನನ್ನ ವರ್ಷದ ಸಂಪಾದನೆ ಸಿಕ್ಕಿತು. ಕಂಡಕ್ಟರ್ ಕೂಗಿದರು: 'ಟೇಶನ್ ಇಳಿಯೋರು ಮುಂದ ಬರ್ರೀ!'

ಭಾವ ನನ್ನ ಮುಖ ನೋಡಿದ. ಕಿಟಕಿಯಾಚೆ ಸ್ಟೇಷನ್ ಎಲ್ಲಿದೆ? ಒಂದು ಹುಣಸೆಮರ, ಎರಡು ಮನೆ. ದಡದಡ ಇಳಿದುಬಿಟ್ಟೆವು. ಜೊತೆಗೆ ಇಳಿದ ಅಜ್ಜಿಯನ್ನು ಕೇಳಿದೆ, 'ಅಮ್ಮಾ, ಸ್ಟೇಷನ್ ಯಾವ ಕಡೆಗೆ?'

'ಇದ ನೋಡಪಾ ಟೇಶನ್. ಗಾಡಿ ಇಲ್ಲೇ ನಿಲ್ತಿತ್ತು. ನಮ್ಮವ್ವ ಮೊಸರ ಗಡಿಗಿ ತಗೊಂಡ ಇಲ್ಲಿಂದನ ಹತ್ತಾಕಿ.'

ಮರದ ಹಿಂದೆ ಹತ್ತು ಹೆಜ್ಜೆಯಲ್ಲಿ ಕಲ್ಲು ಕಟ್ಟಿದ ಕಟ್ಟೆಯೊಂದು ಹುಲ್ಲಿನಲ್ಲಿ ಹೂತಿತ್ತು. ಆಚೆಗೆ ಹಳಿ. ನಾಲ್ವರ ಟಿಕೆಟನ್ನೂ ಒಟ್ಟಿಗೆ ಹಿಡಿದು ನೋಡಿದೆವು, ನಾಲ್ಕರಲ್ಲೂ ಮುಂದಿನ ಊರಿನ ಹೆಸರು. ರೈಲ್ವೆ ಮರೆತ ಹಾಲ್ಟನ್ನು ಬಸ್ ಕಂಡಕ್ಟರ್ ದಿನಾ ಕೂಗುತ್ತಿದ್ದಾರೆ, ಗಾಡಿಯನ್ನು ಕಣ್ಣಲ್ಲಿ ಕಾಣದ ಹುಡುಗರೂ 'ಟೇಶನ್' ಅಂತ ಕೇಳಿ ಇಳಿಯುತ್ತಿದ್ದಾರೆ. ನಾನು ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಊರಿನ ಹೆಸರು ಇಲ್ಲಿ ಹಾಕಿಲ್ಲ. ಇನ್ನೊಮ್ಮೆ ಹೋಗಿ, ಇನ್ನಿಬ್ಬರು ಹಿರಿಯರನ್ನು ಕೇಳಿ ಖಾತ್ರಿ ಮಾಡಿಕೊಂಡು ನಕ್ಷೆಗೆ ಏರಿಸುತ್ತೇನೆ. ಏರಿಸುವಾಗ ಸ್ಟಾಪಿನ ಹೆಸರು 'ಟೇಶನ್' ಅಂತಲೇ. 'ಸ್ಟೇಷನ್' ಅಂತ ತಿದ್ದುವುದಿಲ್ಲ. ಮೇಷ್ಟ್ರಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ.

ಜನವರಿ ಕೊನೆ. ಶಿರಸಿ ಬಸ್ ನಿಲ್ದಾಣ

ವಾನಳ್ಳಿ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಆ ಕಂಡಕ್ಟರ್ ಅಣ್ಣನಿಗೆ ಕೊಟ್ಟೆ. ಬಸ್ಸು ಬಿಡಲು ಹತ್ತು ನಿಮಿಷವಿತ್ತು. ಮೆಟ್ಟಿಲ ಮೇಲೆ ಕೂತು, ಕಿವಿಯ ಮೇಲಿಂದ ಪೆನ್ನು ತೆಗೆದು, ಬೆರಳಿಟ್ಟು ಒಂದೊಂದೇ ಓದಿದರು. ಎರಡು ಕಡೆ ಹಿಂದುಮುಂದಾಗಿದ್ದನ್ನು ಬಾಣದ ಗುರುತು ಹಾಕಿ ಸರಿಮಾಡಿದರು. ಆಮೇಲೆ ಡೇರಿಗೂ ಹಳೇ ಶಾಲೆಗೂ ನಡುವೆ ಒಂದು ಗೆರೆ ಎಳೆದು, 'ಇದೊಂದು ಬಿಟ್ಟೀರಿ' ಅಂದರು.

'ಅಲ್ಲಿ ಬಸ್ಸು ನಿಂತಿದ್ದು ನೋಡಲೇ ಇಲ್ಲವಲ್ಲ ಅಣ್ಣ.'

'ನೀವು ಬಂದ ದಿನ ಅವಳಿಗೆ ಜ್ವರ ಇತ್ತೋ ಏನೋ. ಒಂದು ಹುಡುಗಿ. ಜೂನಿಂದ ಹೈಸ್ಕೂಲಿಗೆ ಹೋಗ್ತದೆ, ತೋಟ ಹತ್ತಿ ಬಂದು ಅಲ್ಲಿ ನಿಲ್ತದೆ. ಮಳೆಗಾಲದಲ್ಲಿ ಅಪ್ಪ ಕೊಡೆ ಹಿಡ್ಕೊಂಡು ಜೊತೆಗೆ ಬರ್ತಿದ್ದ.'

'ಅದಕ್ಕೆ ಏನಂತ ಕರೀತೀರಿ?'

ಪೆನ್ನು ಹಿಡಿದು ಸ್ವಲ್ಪ ಯೋಚಿಸಿ, ತಾವೇ ಬರೆದರು: ಹೊಸ ದಣಪೆ. ಪಕ್ಕದಲ್ಲಿ 38 ಅಂತ ನಾನು ಹಾಕಿದೆ.