ಟೀಚರೇ, ನಿಮ್ಮಲ್ಲಿ ಪಾಠ ಮಾಡುವುದು ಯಾವಾಗ?

ಮೊದಮೊದಲು ನಗುತ್ತಿದ್ದೆ. ಆಮೇಲೆ ಕೆಲವು ವರ್ಷ "ಒಂದು ದಿನ ಬಂದು ನೋಡಿ" ಅನ್ನುತ್ತಿದ್ದೆ. ಈಗ ಯಾರಾದರೂ ಬಸ್ಸಿನಲ್ಲಿ ಪಕ್ಕ ಕೂತು, ನನ್ನ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯ ಕಟ್ಟು ನೋಡಿ, "ಓ, ಪುನಃ ಫಂಕ್ಷನ್ನಾ? ಅಲ್ಲ ಟೀಚರೇ, ನಿಮ್ಮಲ್ಲಿ ಪಾಠ ಮಾಡುವುದು ಯಾವಾಗ?" ಅಂದರೆ ಕಿಟಕಿಯಿಂದ ಹೊರಗೆ ನೋಡುತ್ತೇನೆ. ಹೊರಗೆ ನೋಡುವಂಥದ್ದು ಏನೂ ಇರುವುದಿಲ್ಲ. ಮಳೆಗೆ ಟರ್ಪಾಲು ಇಳಿಸಿರುತ್ತಾರೆ.

ನಾನು ಉಡುಪಿ ಹತ್ತಿರದ ಒಂದು ಇಗರ್ಜಿ ಶಾಲೆಯಲ್ಲಿ, ಅಂದರೆ ಚರ್ಚಿನವರು ನಡೆಸುವ ಶಾಲೆಯಲ್ಲಿ ಟೀಚರ್. ಅನುದಾನಿತ, ಕನ್ನಡ ಮಾಧ್ಯಮ, ಒಂದರಿಂದ ಏಳು. ಸೇರಿದ್ದು 2002ರಲ್ಲಿ. ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲು ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ಆರು, ಏಳಕ್ಕೆ 220 ದಿನ, 1000 ಗಂಟೆ. ನಮ್ಮ ಹಾಜರಿ ಪುಸ್ತಕ ತೆಗೆದು ನೋಡಿ, ಅಷ್ಟು ಆಗುತ್ತದೆ. ಜೂನ್-ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಡುತ್ತಾರಲ್ಲ, ಅದನ್ನೂ ಆಮೇಲೆ ಶನಿವಾರ ಮಧ್ಯಾಹ್ನ ಕೂತು ತುಂಬಿಸುತ್ತೇವೆ. ಆ ರಜೆಗಾಗಿ ರಾತ್ರಿ ಹತ್ತು ಗಂಟೆಯವರೆಗೆ ವಾಟ್ಸಾಪ್ ನೋಡುತ್ತಾ ಕೂರುವವರು ನಮ್ಮ ಮಕ್ಕಳಲ್ಲ, ನೀವು. "ಟೀಚರ್, ನಾಳೆ ಡಿಸಿ ರಜೆ ಉಂಟಾ?" ಅಂತ ನನಗೆ ಮೆಸೇಜ್ ಹಾಕುವವರೂ ನೀವೇ. ಡಿಸಿ ನನ್ನ ಚಿಕ್ಕಪ್ಪನ ಮಗ ಅಲ್ಲ.

2025ರಲ್ಲಿ ಸರಕಾರದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಅಂತ ನಮ್ಮನ್ನೆಲ್ಲ ಮನೆ ಮನೆಗೆ ಕಳಿಸಿದರು. ದಸರಾ ರಜೆ ಅಕ್ಟೋಬರ್ 18ರ ತನಕ ಎಳೆಯಿತು. ಆಗ ನಾನು ಎಷ್ಟೋ ಜನರ ಜಗಲಿಯಲ್ಲಿ ಕೂತು ಫೋನಿಗೆ ಸಿಗ್ನಲ್ ಬರುವುದನ್ನು ಕಾದೆ. ಒಬ್ಬರಾದರೂ "ಪಾಠ ಯಾವಾಗ" ಅಂತ ಕೇಳಬೇಕಲ್ಲ? ನೀರು-ಬೆಲ್ಲ ಕೊಟ್ಟರು, "ಪಾಪ, ಟೀಚರುಗಳಿಗೆ ಎಂತೆಲ್ಲ ಕೆಲಸ" ಅಂದರು. ಆದರೆ ಮಕ್ಕಳು ಪೇಪರ್ ಕಿರೀಟ ಇಟ್ಟುಕೊಂಡು ಹತ್ತು ನಿಮಿಷ ಕುಣಿದರೆ ಮಾತ್ರ ಪಾಠ ಹಾಳಾಗುತ್ತದೆ.

ಕಾರ್ಯಕ್ರಮ ಜಾಸ್ತಿ ಹೌದು, ಇಲ್ಲ ಅನ್ನುವುದಿಲ್ಲ. ಇದನ್ನು ಬರೆಯುವಾಗ ಆಗಸ್ಟ್ ಹದಿನೈದಕ್ಕೆ ಮೂರು ದಿನ ಉಂಟು. ಅದು ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬವೂ ಹೌದು. ಹಾಗಾಗಿ ನಮ್ಮ ಸಂಚಾಲಕ ಫಾದರಿಗೆ ಅವತ್ತು ಬೆಳಿಗ್ಗೆ ಪೂಜೆಯೂ ಇರುತ್ತದೆ, ಧ್ವಜವೂ ಇರುತ್ತದೆ. ಇಗರ್ಜಿಯಿಂದ ಓಡಿ ಬರುತ್ತಾರೆ. ಆಗಸ್ಟ್ 30ರಿಂದ ಮೊಂತಿ ಹಬ್ಬದ, ಅಂದರೆ ಮೇರಿ ಮಾತೆ ಹುಟ್ಟಿದ ಹಬ್ಬದ, ನೊವೆನಾ: ಒಂಬತ್ತು ದಿನದ ಪ್ರಾರ್ಥನೆ. ಅದರ ನಡುವೆ ಸೆಪ್ಟೆಂಬರ್ 5, ಶಿಕ್ಷಕರ ದಿನ. ಎಂಟಕ್ಕೆ ಹಬ್ಬ. ಈ ಸಲ ಚೌತಿ ಹದಿನಾಲ್ಕಕ್ಕೆ. ಆಮೇಲೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ರಾಜ್ಯೋತ್ಸವ, ಮಕ್ಕಳ ದಿನ, ಕ್ರಿಸ್ಮಸ್, ಸ್ಕೂಲ್ ಡೇ. ಜನವರಿಯಲ್ಲಿ ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆ. ಅದು ನಮ್ಮ ಕಾರ್ಯಕ್ರಮ ಅಲ್ಲ. ಆದರೆ ಅವತ್ತು ಅರ್ಧ ಕ್ಲಾಸ್ ಖಾಲಿ. ಆ ಅರ್ಧದಲ್ಲಿ ಕ್ರಿಶ್ಚಿಯನ್ ಮಕ್ಕಳು ಎಷ್ಟು, ಬೇರೆಯವರು ಎಷ್ಟು ಅಂತ ನಾನು ಒಮ್ಮೆ ಎಣಿಸಿದ್ದೆ. ಬೇರೆಯವರೇ ಜಾಸ್ತಿ.

ಈಗ ಈ ಲೇಖನಕ್ಕೆ ಕಾರಣನಾದ ಮಹಾಶಯನ ವಿಷಯ.

ಎರಡು ವಾರದ ಹಿಂದೆ ನಮ್ಮಲ್ಲಿ ಆಟಿಡೊಂಜಿ ದಿನ ಇತ್ತು, ಆಟಿ ಅನ್ನುವ ತುಳು ತಿಂಗಳ ತಿಂಡಿ-ಊಟದ ಕಾರ್ಯಕ್ರಮ. ಮಕ್ಕಳ ತಾಯಂದಿರು ಕೆಸುವಿನ ಎಲೆಯ ಪತ್ರೊಡೆ, ಚಗಟೆ ಸೊಪ್ಪಿನ ವಡೆ, ಹಲಸಿನ ಬೀಜದ ಚಟ್ನಿ ಎಲ್ಲ ಮಾಡಿ ತಂದಿದ್ದರು. ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ರೂಮು ಮಾಡಿಕೊಂಡಿರುವ ಒಬ್ಬ ತಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಆಟಿಗೂ ಜೋಳದ ರೊಟ್ಟಿಗೂ ಎಂತ ಸಂಬಂಧ ಅಂತ ಪಿಸುಪಿಸು ಆಯಿತು. ಮೊದಲು ಖಾಲಿಯಾದದ್ದು ಅದೇ.

ಅತಿಥಿ ನಮ್ಮ ಹಳೆ ವಿದ್ಯಾರ್ಥಿ. ಹೆಸರು ಬೇಡ. ನಾನು ಸೇರಿದ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಇದ್ದವ, ನನ್ನ ಕೈಯಲ್ಲೇ ಮಗ್ಗಿ ಕಲಿತವ. ಹದಿಮೂರರ ಮಗ್ಗಿಯಲ್ಲಿ ಏಳಕ್ಕೆ ಬಂದರೆ ಗಾಡಿ ನಿಲ್ಲುತ್ತಿತ್ತು. ಈಗ ಒಳ್ಳೆ ಉದ್ಯೋಗ, ಒಳ್ಳೆ ಕಾರು. ಮೈಕ್ ಹಿಡಿದು ಇಪ್ಪತ್ತೈದು ನಿಮಿಷ ಮಾತಾಡಿದ. ಈ ಶಾಲೆ ತನ್ನ ಪಾಲಿಗೆ ದೇಗುಲ ಅಂದ, ಕನ್ನಡ ಉಳಿಯಬೇಕು ಅಂದ, ಇಲ್ಲಿಯ ಮಣ್ಣಿನ ಋಣ ಅಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಪತ್ರೊಡೆ ತಿನ್ನಲು ಕೂತ. ಮೂರನೇ ತುಂಡು ಬಾಯಲ್ಲಿ ಇರುವಾಗಲೇ ನನ್ನನ್ನು ಕರೆದು ಕೇಳಿದ: "ಅಲ್ಲ ಟೀಚರ್, ಎಲ್ಲ ಚಂದ ಆಯ್ತು. ಆದ್ರೆ ಯಾವಾಗ ನೋಡಿದ್ರೂ ಫೇಸ್‌ಬುಕ್ಕಲ್ಲಿ ನಿಮ್ಮದು ಒಂದಲ್ಲ ಒಂದು ಕಾರ್ಯಕ್ರಮ ಇರ್ತದೆ. ಪಾಠ ಎಲ್ಲ ಆಗ್ತದಲ್ವಾ?"

"ಆಗ್ತದೆ ಮಾರಾಯ. ಮಗಳು ಎಷ್ಟನೇ ಕ್ಲಾಸು ಈಗ?"

"ಈ ವರ್ಷ ಒಂದನೇದು."

ಎಲ್ಲಿ ಅಂತ ನಾನು ಕೇಳಲಿಲ್ಲ. ಬೆಳಿಗ್ಗೆ ಏಳೂವರೆಗೆ ನಮ್ಮ ಗೇಟಿನ ಎದುರೇ ಹಳದಿ ವ್ಯಾನ್ ಹೋಗುತ್ತದೆ. ಆ ಮಗು ಕಿಟಕಿ ಪಕ್ಕ ನಿದ್ದೆಗಣ್ಣಲ್ಲಿ ಕೂತಿರುತ್ತದೆ. ಅಪ್ಪನದೇ ಮೂಗು.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. "ಇನ್ನೊಂದು ತುಂಡು ಹಾಕ್ಲಾ?" ಅಂತ ಕೇಳಿ ಹಾಕಿದೆ. ಕೆಸುವಿನ ಎಲೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅವತ್ತು ಹುಳಿ ಸರಿಯಾಗಿಯೇ ಇತ್ತು, ಏನು ಮಾಡುವುದು.

ಇನ್ನು ಕೆಲವರು ಉಂಟು. ಅವರಿಗೆ ಪಾಠದ ಚಿಂತೆ ಅಲ್ಲ. "ಅಲ್ಲಿ ಪ್ರಾರ್ಥನೆ ಎಲ್ಲ ಮಾಡಿಸ್ತಾರಂತಲ್ಲ" ಅಂತ ಸ್ವರ ತಗ್ಗಿಸಿ ಹೇಳುತ್ತಾರೆ, ನಾನೇನೋ ಬಂಧನದಲ್ಲಿ ಇರುವವಳ ಹಾಗೆ. ನಮ್ಮ ಮನೆಯಲ್ಲಿ ನಾಗನೂ ಉಂಟು, ಭೂತವೂ ಉಂಟು. ವರ್ಷಕ್ಕೊಮ್ಮೆ ಅವುಗಳ ಪೂಜೆಗೆ, ತಂಬಿಲಕ್ಕೆ, ನಾನು ರಜೆ ಕೇಳುವಾಗ ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್ ಸಿಸ್ಟರ್ "ಪ್ರಸಾದ ತನ್ನಿ" ಅನ್ನುತ್ತಾರೆಯೇ ಹೊರತು ಬೇರೆ ಏನೂ ಹೇಳಿದ್ದಿಲ್ಲ. ಕಥೊಲಿಕ್ ಮಕ್ಕಳಿಗೆ ದೊತೊರ್ನ್, ಅಂದರೆ ಅವರ ಧರ್ಮಪಾಠದ ಪಿರಿಯಡ್ ಇರುವಾಗ ಉಳಿದವರಿಗೆ ನೀತಿಪಾಠ. ನೀತಿಪಾಠ ಮಾಡುವವಳು ನಾನೇ. ಅದರಲ್ಲಿ ಮಕ್ಕಳು ಆಕಳಿಸುತ್ತಾರೆ. ತಪ್ಪು ನನ್ನದು, ಪೋಪರದ್ದಲ್ಲ.

ನೊವೆನಾಕ್ಕೆ ಮಕ್ಕಳು ಹೂ ತರುತ್ತಾರೆ. ಬಾಲ ಮೇರಿಯ ಪ್ರತಿಮೆಯ ಎದುರು ಸಾಲಾಗಿ ಬಂದು ಹೂ ಹಾಕುವುದು, ಕೊಂಕಣಿಯಲ್ಲಿ ಹಾಡುವುದು. ಬರುವುದು ಯಾರಿಗೂ ಕಡ್ಡಾಯ ಅಲ್ಲ. ಆದರೆ ಹೂ ಎರಚುವ ಅವಕಾಶವನ್ನು ಯಾವ ಮಗು ಬಿಡುತ್ತದೆ ಹೇಳಿ. ಹಿತ್ತಿಲು ಇರುವ ಮನೆಯವರು ಡೇರೆ, ದಾಸವಾಳ, ನಂದಿಬಟ್ಟಲು ತರುತ್ತಾರೆ. ಬಾಡಿಗೆ ರೂಮಿನ ಮಕ್ಕಳಿಗೆ ಹಿತ್ತಿಲು ಎಲ್ಲಿಂದ? ಹೋದ ವರ್ಷ ಆ ಜೋಳದ ರೊಟ್ಟಿಯ ತಾಯಿಯ ಮಗಳು ಬಟ್ಟಲು ತುಂಬ ನಾಚಿಕೆಮುಳ್ಳಿನ (ಮುಟ್ಟಿದರೆ ಮುನಿ) ಹೂ ತಂದಿದ್ದಳು. ಗುಲಾಬಿ ಬಣ್ಣದ, ಉರುಟು, ಪೌಡರ್ ಪಫ್‌ನ ಹಾಗೆ ಇರುತ್ತದಲ್ಲ, ಅದು. ಕೈಯಿಡೀ ಗೀರು. ಹತ್ತಿರ ಹೋದರೆ ಪಾಪ ಎಲೆಗಳೆಲ್ಲ ಮುದುಡಿಕೊಂಡಿದ್ದವು, ಹೂ ಮಾತ್ರ ಗಟ್ಟಿಯಾಗಿ ನಿಂತಿತ್ತು. ಹೆಡ್ ಸಿಸ್ಟರ್ ಒಂದು ಹೂ ಎತ್ತಿ, ಮುಳ್ಳು ಚುಚ್ಚಿಸಿಕೊಂಡು, "ಆಯ್ಯೋ ಸಾಯ್ಬಾ" (ಅಯ್ಯೋ ದೇವರೇ) ಅಂದರು. ಆಮೇಲೆ ನಾಲ್ಕನೇ ಕ್ಲಾಸಿನವರನ್ನು ಕೂರಿಸಿ ಕತ್ತರಿಯಲ್ಲಿ ಮುಳ್ಳಿನ ದಂಟು ತೆಗೆಸಿದರು. ಅರ್ಧ ಗಂಟೆ ಹೋಯಿತು. ಅದು ಗಣಿತದ ಪಿರಿಯಡ್. ಬರೆದುಕೊಳ್ಳಿ, ನಿಮ್ಮ ಪಟ್ಟಿಗೆ ಬೇಕಾಗುತ್ತದೆ.

ಎಂಟನೇ ತಾರೀಕು ಕಥೊಲಿಕರು ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರೆ. ಹೊಸ ಕಾಳು ಸುಲಿದು ಪಾಯಸಕ್ಕೆ ಹಾಕುತ್ತಾರೆ, ಅವತ್ತು ಮನೆಯಲ್ಲಿ ಮೀನಿಲ್ಲದ ಊಟ. ನಮ್ಮಲ್ಲೂ ತೆನೆ ತಂದು ಕಟ್ಟುತ್ತೇವೆ, ಹೊಸ ಅಕ್ಕಿ ಊಟ ಮಾಡುತ್ತೇವೆ. ಎರಡು ಹಬ್ಬಕ್ಕೂ ಗದ್ದೆ ಒಂದೇ. ಈಗ ಗದ್ದೆಯೇ ಕಡಿಮೆಯಾಗಿ ಇಬ್ಬರೂ ತೆನೆ ಹುಡುಕಿಕೊಂಡು ಹೋಗುವ ಹಾಗೆ ಆಗಿದೆ, ಅದು ಬೇರೆ ಮಾತು.

ಪಾಠ ಹಾಳಾದದ್ದೇ ಇಲ್ಲ ಅಂತ ನಾನು ಆಣೆ ಹಾಕುವುದಿಲ್ಲ. ಹೋದ ವರ್ಷ ನಾಲ್ಕನೇಯವರಿಗೆ ಭಾಗಾಕಾರ ಶುರುಮಾಡಿದ್ದು ಸೆಪ್ಟೆಂಬರ್ ಮೊದಲ ವಾರ. ನೊವೆನಾ ಬಂತು, ನೃತ್ಯದ ಪ್ರಾಕ್ಟೀಸ್ ಬಂತು, ಪ್ರತಿಭಾ ಕಾರಂಜಿ ಬಂತು, ಸಮೀಕ್ಷೆ ಬಂತು. ಅಕ್ಟೋಬರ್ ಕೊನೆಗೆ ಬೋರ್ಡಿನ ಮೇಲೆ 47ನ್ನು 5ರಿಂದ ಭಾಗಿಸಿ ಎಂದು ಬರೆದರೆ ಒಬ್ಬ ಹುಡುಗ ಕೂಡಿಸಿ 52 ಅಂದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನವೆಂಬರ್ ಪೂರ್ತಿ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಆ ಮಕ್ಕಳನ್ನು ಕರೆಸಿದೆ. ಆ ತಪ್ಪು ನನ್ನದು, ಅದನ್ನು ಸರಿಮಾಡಿದವಳೂ ನಾನೇ.

ಆದರೆ ಅದೇ ನಾಲ್ಕನೇ ಕ್ಲಾಸಿನ ಆ ನಾಚಿಕೆಮುಳ್ಳಿನ ಹುಡುಗಿ ಮೊನ್ನೆ ಆಟಿಯ ಕಾರ್ಯಕ್ರಮವನ್ನು ನಿರೂಪಣೆ ಮಾಡಿದಳು. ಈಗ ಐದನೇಯದು. ತಮಾಷೆ ನೋಡಿ, ನಮ್ಮ ಕನ್ನಡ ಶಾಲೆಯಲ್ಲಿ ಮನೆಯಲ್ಲೂ ಕನ್ನಡ ಮಾತಾಡುವವರು ಅಂದರೆ ಈ ಗದಗ, ಕೊಪ್ಪಳ, ಬಾಗಲಕೋಟೆಯ ಮಕ್ಕಳು. ಉಳಿದವರದ್ದು ತುಳು, ಕೊಂಕಣಿ, ಬ್ಯಾರಿ. ನಮ್ಮ ಊರಿನವರು ಪುಸ್ತಕದ ಕನ್ನಡ ಹೇಳುತ್ತಾರೆ, ಅವಳು ಮನೆಯ ಕನ್ನಡ ಹೇಳುತ್ತಾಳೆ. "ಈಗ ಅಧ್ಯಕ್ಷರ ಮಾತು ಕೇಳೂಣ್ರಿ" ಅಂದಳು. ಸಭೆ ನಕ್ಕಿತು, ಅವಳೂ ನಕ್ಕಳು, ಮುಂದಕ್ಕೆ ಹೋದಳು. ಮೊದಲ ವರ್ಷ ಬಂದಾಗ ಇವಳು ಮೂರು ತಿಂಗಳು ಬಾಯಿಯೇ ಬಿಟ್ಟಿರಲಿಲ್ಲ. ಈಗ ನಮ್ಮ ತುಳು ಮಕ್ಕಳೂ ನನಗೆ "ಯಾಕ್ರೀ ಟೀಚರ್" ಅನ್ನುತ್ತಾರೆ.

ಅಷ್ಟಕ್ಕೂ ಇಷ್ಟು ಕಾರ್ಯಕ್ರಮ ಯಾಕೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ. ನಿವೃತ್ತಿಯಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಸರಕಾರದ ಸಂಬಳದ ಟೀಚರುಗಳು ನಮ್ಮಲ್ಲಿ ಇಬ್ಬರೇ ಉಳಿದಿದ್ದೇವೆ. ಉಳಿದ ಮೂವರು ಗೌರವ ಶಿಕ್ಷಕಿಯರು. ಅವರಿಗೆ ಗೌರವ ಜಾಸ್ತಿ, ಸಂಬಳ ಆಡಳಿತ ಮಂಡಳಿ ಕೈಲಾದಷ್ಟು. ಆ ಸಂಬಳಕ್ಕೆ, ಫ್ಯಾನಿಗೆ, ಹಂಚು ರಿಪೇರಿಗೆ ದುಡ್ಡು ಬರುವುದು ಎಲ್ಲಿಂದ? ಸ್ಕೂಲ್ ಡೇಗೆ ಬಂದು ಕಣ್ಣು ಒದ್ದೆ ಮಾಡಿಕೊಳ್ಳುವ ಹಳೆ ವಿದ್ಯಾರ್ಥಿಗಳಿಂದ. ಎರಡನೇ ಕ್ಲಾಸಿನ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಯ ಹೆಸರು ಬರೆಸಿದೆ. ಗಾಳಿ ಸ್ವಲ್ಪ ಕಡಿಮೆ, ಹೆಸರು ದೊಡ್ಡದು. ಮಕ್ಕಳು ಫ್ಯಾನ್ ನಿಂತಾಗ ಅದನ್ನು ಓದಿ ಅಕ್ಷರ ಕಲಿತಿದ್ದಾರೆ. ಕರೆಂಟು ಹೋಗುವುದು ಹೇಗೂ ಇದ್ದದ್ದೇ.

ಆಟಿ ಕಾರ್ಯಕ್ರಮ ಮುಗಿದ ಮೇಲೆ ಇಗರ್ಜಿ ಹಾಲಿನಿಂದ ತಂದ ಅರವತ್ತು ಕುರ್ಚಿ ವಾಪಸ್ ಎಣಿಸಿದೆವು. ಐವತ್ತೊಂಬತ್ತು. ಮಳೆಯಲ್ಲಿ ಶಾಲೆಯಿಡೀ ಹುಡುಕಿದೆವು. ಕೊನೆಗೆ ಆರನೇ ಕ್ಲಾಸಿನ ಹುಡುಗ ಬಂದು, "ಟೀಚರ್, ಸಿಕ್ಕಿತು, ಆದ್ರೆ ತರ್ಲಿಕ್ಕೆ ಆಗುದಿಲ್ಲ" ಅಂದ. ಬಿಸಿಯೂಟದ ಅಕ್ಕ ಅಡುಗೆಕೋಣೆಯಲ್ಲಿ ಅದರ ಮೇಲೆ ಕೂತು, ಅಕ್ಕಿ ಮೂಟೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದರು. ಬೆಳಿಗ್ಗೆ ಆರಕ್ಕೆ ಬಂದವರು. ಕುರ್ಚಿಯನ್ನು ಮರುದಿನ ಕೊಟ್ಟೆವು.

ಅಷ್ಟರಲ್ಲಿ ನಮ್ಮ ಅತಿಥಿ ಹೊರಟಾಗಿತ್ತು. ಕಾರಿನ ಕಿಟಕಿ ಇಳಿಸಿ "ಏನಾದ್ರೂ ಬೇಕಾದ್ರೆ ಹೇಳಿ ಟೀಚರ್, ಸಂಕೋಚ ಮಾಡ್ಬೇಡಿ" ಅಂದಿದ್ದ. ಒಳ್ಳೆಯ ಹುಡುಗನೇ. ಇಬ್ಬರು ಮಕ್ಕಳಿಗೆ ಪುಸ್ತಕದ ಖರ್ಚು ಪ್ರತಿವರ್ಷ ಕೊಡುತ್ತಾನೆ. ಸಂಕೋಚ ಬಿಟ್ಟು ಈಗ ಹೇಳುತ್ತೇನೆ. ನನಗೆ ಬೇಕಾದದ್ದು ಫ್ಯಾನ್ ಅಲ್ಲ, ಒಂದು ಪ್ರಶ್ನೆ. "ಟೀಚರ್, ಒಂದನೇ ಕ್ಲಾಸಲ್ಲಿ ಜಾಗ ಉಂಟಾ?" ಇದನ್ನು ಈ ಊರಿನ ಹಳೆ ವಿದ್ಯಾರ್ಥಿ ಒಬ್ಬ ನನಗೆ ಕೇಳದೆ ಆರು ವರ್ಷ ಆಯಿತು.

ಉಂಟು. ಈ ವರ್ಷ ಒಂದನೇ ಕ್ಲಾಸಿಗೆ ಒಂಬತ್ತು ಮಕ್ಕಳು. ಒಬ್ಬನಿಗೆ ಆಧಾರ್ ಇನ್ನೂ ಆಗದೆ ಕಂಪ್ಯೂಟರಿನಲ್ಲಿ ಎಂಟೇ ತೋರಿಸುತ್ತದೆ. ಬೆಂಚು ಮೂವತ್ತು ಮಕ್ಕಳಿಗೆ ಆಗುವಷ್ಟಿದೆ.

ಆಗಸ್ಟ್ 30ಕ್ಕೆ ನೊವೆನಾ ಶುರು. ಭಾನುವಾರ, ಹಾಗಾಗಿ ಪಾಠ ಹಾಳಾಗುವುದಿಲ್ಲ. ಹಿತ್ತಿಲಲ್ಲಿ ಹೂ ಜಾಸ್ತಿ ಇದ್ದರೆ ಶನಿವಾರ ಸಂಜೆ ಶಾಲೆಯ ಜಗಲಿಯಲ್ಲಿ ಒಂದು ಬುಟ್ಟಿ ಇಟ್ಟು ಹೋಗಿ. ಕೆಲವು ಮಕ್ಕಳು ಬರಿಗೈಯಲ್ಲಿ ಬರುತ್ತಾರೆ, ಅವರಿಗೆ ಆಗುತ್ತದೆ.