ಹಾವಿನ ಮೇಲೆ ಕಡಿವಾಣ ಎಸೆಯೋ ಗೇಮು

ಕಿಂಗ್ಸ್ ಕ್ವೆಸ್ಟ್ 2 ಮತ್ತೆ ಆಡ್ದೆ, ಸ್ಕಮ್‌ವಿಎಮ್ ಹಾಕ್ಕೊಂಡು, ಹಳೇ ಗೇಮುಗಳನ್ನ ಈಗಿನ ಕಂಪ್ಯೂಟರಲ್ಲಿ ಓಡಿಸೋ ಪ್ರೋಗ್ರಾಮ್ ಅದು. 1985ರ ಗೇಮು, ಸಿಯೆರಾ ಕಂಪನೀದು, ರೋಬರ್ಟಾ ವಿಲಿಯಮ್ಸ್ ಮಾಡಿದ್ದು. 16 ಬಣ್ಣ ಅಷ್ಟೇ, ಎಲ್ಲಾದ್ನೂ ಇಂಗ್ಲಿಷಲ್ಲಿ ಟೈಪ್ ಮಾಡೇ ಹೇಳ್ಬೇಕು, ಸರಿಯಾದ ಪದ ಸಿಗ್ಲಿಲ್ಲ ಅಂದ್ರೆ ಬಾಗಿಲು ಕಣ್ಣೆದುರಿಗಿದ್ರೂ ಹೊರಗೇ ನಿಂತಿರ್ಬೇಕು.

ಕಥೆ ಅಂದ್ರೆ ಇಷ್ಟೇ. ಡ್ಯಾವೆಂಟ್ರಿ ರಾಜ ಗ್ರಹಾಂಗೆ ಮಾಯಾಕನ್ನಡೀಲಿ ವ್ಯಾಲನೀಸ್ ಅನ್ನೋ ಹುಡುಗಿ ಕಾಣಿಸ್ತಾಳೆ, ಹ್ಯಾಗಥಾ ಅನ್ನೋ ಮಾಟಗಾತಿ ಅವಳನ್ನ ಗೋಪುರದಲ್ಲಿ ಕೂಡಿಹಾಕಿರ್ತಾಳೆ, ಇವ್ನು ಕೊಲೀಮಾ ದೇಶಕ್ಕೆ ಹೊರಟೇಬಿಡ್ತಾನೆ. ಮೂರು ಬಾಗಿಲು, ಮೂರು ಬೀಗದಕೈ. ಆಮೇಲೆ ದಾರೀಲಿ ಸಿಗೋರನ್ನ ನೋಡಿ: ಸಮುದ್ರದ ತಳದಲ್ಲಿ ನೆಪ್ಚೂನ್, ಕಾಡಲ್ಲಿ ಲಿಟಲ್ ರೆಡ್ ರೈಡಿಂಗ್ ಹುಡ್, ಅವಳಜ್ಜಿ, ಆ ತೋಳ, ದೀಪದಿಂದ ಬರೋ ಜೀನಿ, ಸಾಲ್ದು ಅಂತ ಡ್ರಾಕುಲಾ ಬೇರೆ. ಒಂದು ಗುಹೆಯಿಂದ ಬ್ಯಾಟ್‌ಮನ್ ಕಾರೂ ಬರತ್ತೆ ಮಾರಾಯ್ರೇ! ಯಾರಿಗೂ ಯಾರೂ ಸಂಬಂಧ ಇಲ್ಲ, ಯಾರೂ ಕೇಳೋದೂ ಇಲ್ಲ.

ಒಂದ್ಕಡೆ ದೊಡ್ಡ ಹಾವು ದಾರಿಗೆ ಅಡ್ಡ ಮಲಗಿರತ್ತೆ, ಕತ್ತಿ ಇದೆಯಲ್ಲ ಅಂತ ಕೊಂದ್ರೆ ದಾರಿ ಬಿಡತ್ತೆ, ಆದ್ರೆ ಅದ್ರ ಮೇಲೆ ಕುದುರೆ ಕಡಿವಾಣ ಎಸೆದ್ರೆ ಅದು ಪೆಗಾಸಸ್ ಆಗ್ಬಿಡತ್ತೆ, ರೆಕ್ಕೆ ಇರೋ ಕುದುರೆ, ಮೇಲಿಂದ ಒಂದು ಸಕ್ಕರೆ ತುಂಡು ಬೇರೆ ಕೊಡತ್ತೆ. ಯಾಕೆ? ಸುಳಿವೇ ಇಲ್ಲ. ಆ ಸಕ್ಕರೆ ತಿಂದ್ರೆ ಡ್ರಾಕುಲಾ ಕೋಟೆ ಹತ್ರದ ವಿಷದ ಮುಳ್ಳು ಏನೂ ಮಾಡಲ್ಲ. ಪಜಲ್ ಅಂತ ನೋಡಿದ್ರೆ ಇದು ಶುದ್ಧ ಮೋಸ, ಅಡಗೂಲಜ್ಜಿ ಕಥೆ ಅಂತ ನೋಡಿದ್ರೆ ಏನೂ ತಪ್ಪಿಲ್ಲ, ಅಲ್ಲಿ ಹಾವು ಕುದುರೆ ಆಗತ್ತೆ ಅಂದ್ರೆ ಆಗತ್ತೆ ಅಷ್ಟೇ. ಆದ್ರೆ ಅಜ್ಜಿ ನಮ್ಗೆ 'ಈಗ ನೀನೇ ಹೇಳು' ಅಂತ ಕೇಳ್ತಿರ್ಲಿಲ್ಲ. ಇನ್ನು ಆ ಮುರುಕಲು ಸೇತುವೆ, ಇಂತಿಷ್ಟೇ ಸಲ ದಾಟ್ಬಹುದು, ಸುಮ್ನೆ ಓಡಾಡಿ ಖರ್ಚು ಮಾಡ್ಕೊಂಡ್ರೆ ಒಂದ್ಸಲ ಕುಸಿದು ಬೀಳತ್ತೆ, ಹಳೇ ಸೇವ್ ಇಲ್ಲ ಅಂದ್ರೆ ಗೋವಿಂದ.

ಸಿಯೆರಾದವ್ರು 1990ರಲ್ಲಿ ಮೊದಲನೇ ಭಾಗಾನ ಹೊಸದಾಗಿ ಮಾಡಿದ್ರು, ಎರಡನೇದನ್ನ ಮುಟ್ಟಲೇ ಇಲ್ಲ. ಅದನ್ನ ಮಾಡಿದ್ದು ಅಭಿಮಾನಿಗಳು, ಎಜಿಡಿ ಇಂಟರಾಕ್ಟಿವ್ ಅನ್ನೋ ತಂಡ, 2002ರಲ್ಲಿ, ಪೂರ್ತಿ ಫ್ರೀ. ಮೌಸ್ ಬಂತು, 256 ಬಣ್ಣದ ಚಂದದ ಹಿನ್ನೆಲೆ ಬಂತು, ಐದನೇ ಭಾಗದಲ್ಲಿ ಗ್ರಹಾಂಗೆ ದನಿ ಕೊಟ್ಟಿದ್ದ ಜಾಶ್ ಮ್ಯಾಂಡೆಲ್ ಅವ್ರೇ ಇಲ್ಲೂ ಮಾತಾಡಿದಾರೆ. ಕಥೆಯಂತೂ ಬುಡಮೇಲು. ಹಳೇದ್ರಲ್ಲಿ ಡ್ರಾಕುಲಾ ಮಲಗಿರೋವಾಗ ಹೋಗಿ ಎದೆಗೆ ಗೂಟ ಹೊಡೆದು ಬೀಗದಕೈ ಎತ್ಕೊಂಡ್ ಬರೋದು, ಅಷ್ಟೇ ಕೆಲಸ. ಇಲ್ಲಿ ಅವ್ನ ಜಾಗದಲ್ಲಿ ಕಾಲ್ಡೌರ್ ಅನ್ನೋ ಕೌಂಟ್ ಇದಾನೆ, ಅವ್ನದೇ ನೋವು ಅವ್ನಿಗೆ, ಗೂಟ ಹೊಡೆಯೋ ಮನಸ್ಸೇ ಬರಲ್ಲ. ನನಗೆ ಇಡೀ ರೀಮೇಕಲ್ಲಿ ಇಷ್ಟ ಆಗಿದ್ದು ಇವ್ನೇ. ಆದ್ರೆ ಆರನೇ ಭಾಗದ ಬ್ಲ್ಯಾಕ್ ಕ್ಲೋಕ್ ಸೊಸೈಟಿ ಅನ್ನೋ ಮಾಟಗಾರರ ಗುಪ್ತ ಕೂಟಾನ ತಂದು ಎಲ್ಲಾದಕ್ಕೂ ಹಿಂದೆ ಒಂದು ದೊಡ್ಡ ಪಿತೂರಿ ಕಟ್ಟಿದಾರೆ ನೋಡಿ, ಅದು ಸ್ವಲ್ಪ ಜಾಸ್ತಿ ಆಯ್ತು. ಕೊಲೀಮಾದ ಮಜಾ ಇದ್ದಿದ್ದೇ ಅದು ಸಂತೆ ಥರ ಇದ್ದಿದ್ರಲ್ಲಿ.

ವ್ಯಾಲನೀಸ್‌ದೇ ನನ್ನ ಮುಖ್ಯ ತಕರಾರು. 1985ರಲ್ಲಿ ಅವಳು ಕೊನೇಲಿ ಸಿಗೋ ಬಹುಮಾನ, ಗೋಪುರ ಹತ್ತು, ಕರ್ಕೊಂಡ್ ಬಾ, ಮದುವೆ. ಅವಳಿಗೆ ಸರಿಯಾಗಿ ಬಾಯಿ ಕೊಟ್ಟಿದ್ದು ಆಡ್ ಜಂಟಲ್‌ಮೆನ್ ಅನ್ನೋ ಕಂಪನಿಯವ್ರ ಹೊಸ ಕಿಂಗ್ಸ್ ಕ್ವೆಸ್ಟ್, 2016ರಲ್ಲಿ ಬಂದ ಮೂರನೇ ಅಧ್ಯಾಯ. ಅಲ್ಲಿ ಗೋಪುರದಲ್ಲಿ ಒಬ್ಬಳಲ್ಲ, ಇಬ್ಬರು ರಾಜಕುಮಾರಿಯರು, ವೀ ಮತ್ತು ನೀಸ್, ಗ್ರಹಾಂಗೆ ಜೋಡಿ ಯಾರು ಅನ್ನೋದು ನಾವು ಆಡೋದ್ರ ಮೇಲೆ ಹೋಗತ್ತೆ, ಮದುವೆಗೆ ಮುಂಚೆ ಒಬ್ಬರಿಗೊಬ್ಬರು ನಾಲ್ಕು ಮಾತಾದ್ರೂ ಆಡ್ತಾರೆ! ಪಜಲ್ ಸುಲಭ, ಸಾಯೋ ಭಯ ಕಮ್ಮಿ, ಹಳೇ ಕಾಲದವ್ರು ಮೂಗು ಮುರೀತಾರೆ, ಮುರೀಲಿ.

ಮೊದಲ್ನೇ ಸಲ ಆಡೋರು ಎಜಿಡಿದರಿಂದ ಶುರು ಮಾಡಿ. ಹಳೇದನ್ನ ಆಡ್ಲೇಬೇಕು ಅಂದ್ರೆ ಜಿಒಜಿ ಅನ್ನೋ ಗೇಮ್ ಮಾರೋ ಸೈಟಿನಲ್ಲಿ ಮೊದಲ ಮೂರು ಭಾಗ ಒಟ್ಟಿಗೆ ಸಿಗತ್ತೆ, ಸೇತುವೆ ಹತ್ರ ಹೋಗೋ ಮುಂಚೆ ಸೇವ್ ಮಾಡ್ಕೊಳಿ.