ಪ್ರಾಂಶುಪಾಲರ ಪರೀಕ್ಷೆಗೆ ಕೂತ ದಿನ

ಕೇಂದ್ರೀಯ ವಿದ್ಯಾಲಯದ ಶಿಕ್ಷಕರು ಪ್ರಾಂಶುಪಾಲರಾಗಲು ಇರುವ ದಾರಿಗಳಲ್ಲಿ, ಒಳಗಿನ ಸಿಬ್ಬಂದಿಗಷ್ಟೇ ನಡೆಯುವ ಸೀಮಿತ ಇಲಾಖಾ ಪರೀಕ್ಷೆಯೂ ಒಂದು. ನಾನು ಅದಕ್ಕೆ ಅರ್ಜಿ ಹಾಕಿದ ಮೇಲೆ ಸ್ಟಾಫ್ ರೂಮಿನಲ್ಲಿ ಸಿಕ್ಕಿದ್ದು ಒಂದೇ ಸಲಹೆ: “ಮೇಡಂ, ಕೆಮಿಸ್ಟ್ರಿ ಬದಿಗಿಡಿ, ರೂಲ್ಸ್ ಓದಿ.”

ಓದಲು ಕೂತವಳಿಗೆ ಹಿಂದೆ ಕೆಲಸ ಮಾಡಿದ ಶಾಲೆಯೊಂದರ ಪ್ರಯೋಗಾಲಯ ನೆನಪಾಯಿತು. ಅಲ್ಲಿನ ಬ್ಯುರೆಟ್‌ಗಳ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಗಳ, ನಲ್ಲಿ ಸೋರುತ್ತಿತ್ತು. ಹನ್ನೆರಡನೇ ತರಗತಿಯ ಮಕ್ಕಳು ಟೈಟ್ರೇಷನ್ ಮಾಡುವಾಗ ಒಂದು ಕೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸುತ್ತ, ಇನ್ನೊಂದು ಕೈಯ ಬೆರಳಿನಿಂದ ನಲ್ಲಿಯನ್ನು ಒತ್ತಿ ಹಿಡಿಯುತ್ತಿದ್ದರು. ರೀಡಿಂಗ್ ತಪ್ಪುತ್ತಿತ್ತು. ಹೊಸದು ಕೊಡಿಸಿ ಎಂದರೆ ಆಡಿಟ್ ಆಕ್ಷೇಪಣೆ ಬರುತ್ತದೆ ಎಂಬ ಉತ್ತರ. ವರ್ಷವಿಡೀ ಕಡತ ಮೇಜಿನ ಮೇಲೆಯೇ ಇತ್ತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 154ನೇ ನಿಯಮವನ್ನು ಓದಿದಾಗ ನನಗೆ ಸಿಟ್ಟೇ ಬಂತು. ಸಣ್ಣ ಮೊತ್ತದ ಖರೀದಿಗೆ ಕೊಟೇಷನ್ ಬೇಕಿಲ್ಲ. ವಸ್ತುವಿನ ಗುಣಮಟ್ಟ ಸರಿಯಿದೆ, ಬೆಲೆ ನ್ಯಾಯವಾಗಿದೆ, ಮಾರಿದವರು ನಂಬಿಕಸ್ಥರು ಎಂದು ಅಧಿಕಾರಿ ಖುದ್ದು ಮನಗಂಡು ಬರೆದುಕೊಟ್ಟರೆ ಸಾಕು. ಅಷ್ಟು ತಿಳಿದಿದ್ದರೆ ಆ ಮಕ್ಕಳಿಗೆ ಬ್ಯುರೆಟ್ ಸಿಗುತ್ತಿತ್ತು. ನಿಯಮ ಗೊತ್ತಿಲ್ಲದ ಮುಖ್ಯಸ್ಥರು ಹಣವಿದ್ದೂ ಖರ್ಚು ಮಾಡಲು ಹೆದರುತ್ತಾರೆ, ಆ ಹೆದರಿಕೆಯ ಬೆಲೆ ತೆರುವವರು ಮಕ್ಕಳು. ಇಂಥ ಪರೀಕ್ಷೆ ಬೇಕೇ ಬೇಕು ಎಂದು ನಾನು ವಾದಿಸುವುದು ಇದಕ್ಕಾಗಿಯೇ.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಭಾಷೆ, ಸಾಮಾನ್ಯ ಜ್ಞಾನ ಸಲೀಸಾಗಿ ಮುಗಿದವು. ಕೈ ತಡೆದದ್ದು ಒಂದು ಪ್ರಶ್ನೆಯಲ್ಲಿ: ಸಿಬ್ಬಂದಿಯೊಬ್ಬರು ಲೈಂಗಿಕ ಕಿರುಕುಳ ಕೊಟ್ಟರೆಂದು ಮಗು ಹೇಳಿದರೆ ಪ್ರಾಂಶುಪಾಲರು ಮೊದಲು ಏನು ಮಾಡಬೇಕು? ಆಂತರಿಕ ವಿಚಾರಣೆ ಎಂಬ ಆಯ್ಕೆಯೂ ಇತ್ತು, ಪೊಲೀಸರಿಗೆ ತಿಳಿಸುವುದು ಎಂಬುದೂ ಇತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಇದರಲ್ಲಿ ಸಂದೇಹಕ್ಕೆ ಎಡೆ ಕೊಡುವುದಿಲ್ಲ: ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಇಂಥ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಹೊರಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಮೊದಲು ನಾವೇ ವಿಚಾರಿಸಬೇಕಲ್ಲವೇ ಮೇಡಂ? ಶಾಲೆಯ ಹೆಸರು ಏನಾಗಬೇಕು?” ಎಂದರು. ಕೆಟ್ಟವರಲ್ಲ, ಮಕ್ಕಳೆಂದರೆ ಪ್ರಾಣ ಅವರಿಗೆ. ಗೇಟಿನ ಬಳಿಯೇ ನಿಂತು ಸೆಕ್ಷನ್ ತೆಗೆದು ಓದಿಸಿದೆ. ಎರಡು ಸಲ ಓದಿದರು. “ಇದನ್ನು ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಯಾರೂ ಹೇಳಿಯೇ ಇಲ್ಲ,” ಎಂದರು. ಮುಂದಿನ ಮೀಟಿಂಗಿನಲ್ಲಿ ನಾವಿಬ್ಬರೂ ಹೇಳೋಣ ಎಂದೆ. ಫಲಿತಾಂಶಕ್ಕೆ ಕಾಯುವ ಕೆಲಸವಲ್ಲ ಅದು.